ಫ್ಯೂಸ್ ಬೋರ್ಡಿನ ಹಿಂದಿನ ಗೋಡೆ

ನಾನು ಸಾವಳಗಿಯ ಒಕ್ಕಲುತನದ ಮನೆಯಿಂದ ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಕರೆಂಟ್ ಎಂದರೆ ಪಡಸಾಲೆಯ ಒಂದು ಬಲ್ಬು, ಹೊಲದ ಬಾವಿಯ ಮೇಲಿನ ಒಂದು ಪಂಪು. ಬನಹಟ್ಟಿಯ ಮನೆಯಲ್ಲಿ ಕರೆಂಟ್ ಎಂದರೆ ಊಟ. ಅದು ಇದ್ದರೆ ಮಗ್ಗ, ಮಗ್ಗ ನಡೆದರೆ ಸೀರೆ, ಸೀರೆ ಇಳಿದರೆ ಸಂತೆ. ಹೀಗಾಗಿ ಆ ಮನೆಯಲ್ಲಿ ದೇವರ ಜಗುಲಿಯಷ್ಟೇ ಎಲ್ಲರ ಕಣ್ಣು ಬೀಳುತ್ತಿದ್ದ ಇನ್ನೊಂದು ಜಾಗ ಫ್ಯೂಸ್ ಬೋರ್ಡು.

ಮನೆ ಉದ್ದಕ್ಕಿತ್ತು. ನಮ್ಮ ಮಾವನವರು ಕೈಮಗ್ಗದ ಕುಣಿಗಳನ್ನು ಮುಚ್ಚಿ ಪವರ್‌ಲೂಮ್ ತಂದಾಗ ಆ ಉದ್ದನೆಯ ಹಜಾರವನ್ನು ಸಾಗವಾನಿ ಹಲಗೆಗಳಿಂದ ಅಡ್ಡಕ್ಕೆ ಕಡಿದಿದ್ದರಂತೆ. ಹಲಗೆಯ ಆಚೆ ಮಗ್ಗದ ಶೆಡ್ಡು, ಈಚೆ ಒಳಗಿನ ಕೋಣೆ, ಅದರ ಹಿಂದೆ ಅಡುಗೆಮನೆ. ಬೀದಿಯ ಕಂಬದಿಂದ ತಂತಿ ಬಂದು ಇಳಿಯುವುದು ಶೆಡ್ಡಿನೊಳಗೆ ಆ ಹಲಗೆಯ ಪಕ್ಕದ ಮೂಲೆಗೇ. ಕಲ್ಲಿನ ಗೋಡೆಗೆ ತೂತು ಕೊರೆಯುವ ತಾಪತ್ರಯ ಯಾಕೆ ಎಂದು ಬೋರ್ಡನ್ನು ಹಲಗೆಯ ಗೋಡೆಗೇ ಸ್ಕ್ರೂ ಹಾಕಿ ಕೂಡಿಸಿದ್ದರು. ನಾನು ಬರುವ ಹೊತ್ತಿಗೆ ಮಾವನವರು ತೀರಿಹೋಗಿದ್ದರು. ಒಳಗಿನ ಕೋಣೆ ಅತ್ತೆಯದಾಗಿತ್ತು. ಅವರ ಹಾಸಿಗೆ, ಅವರ ಎಲೆಯಡಿಕೆಯ ಡಬ್ಬಿ, ಒಂದು ಹಳೆಯ ಟ್ರಂಕು ಎಲ್ಲ ಆ ಹಲಗೆಯ ಬುಡದಲ್ಲೇ.

ಆಗ ಇದ್ದದ್ದು ನಾಲ್ಕು ಮಗ್ಗ. ಬೋರ್ಡಿನ ಮೇಲೆ ಕಬ್ಬಿಣದ ಹಿಡಿಕೆಯ ಮೇನ್ ಸ್ವಿಚ್ಚು, ಅದರ ಪಕ್ಕ ಬಿಳಿ ಪಿಂಗಾಣಿಯ ಫ್ಯೂಸುಗಳು ಸಾಲಾಗಿ. ಪ್ರತಿ ಮಗ್ಗಕ್ಕೆ ಬೇರೆ, ಮನೆಯ ದೀಪಕ್ಕೆ ಬೇರೆ. ನೋಡಲಿಕ್ಕೆ ಅಚ್ಚುಕಟ್ಟಾಗಿತ್ತು. ಶೆಡ್ಡಿನಲ್ಲಿ ಹಾರುವ ನೂಲಿನ ಜುಂಗು ಅದರ ಮೇಲೆ ಕೂತು ಮೆತ್ತಿಕೊಳ್ಳುತ್ತಿತ್ತು. ಮಗ್ಗ ನಿಲ್ಲುವ ವಾರದ ಸೂಟಿಯ ದಿನ ಮೇನ್ ಇಳಿಸಿ ಒಣ ಬಟ್ಟೆಯಿಂದ ಅದನ್ನು ಝಾಡಿಸುವುದು ಸೊಸೆಯಂದಿರ ಕೆಲಸ. ಮೊದಲು ನಮ್ಮ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಮಾಡುತ್ತಿದ್ದಳು. ನಾನು ಬಂದ ಮೇಲೆ ಅದು ನನ್ನ ಪಾಲಿಗೆ ಬಂತು. ಹಾಗಾಗಿ ಆ ಬೋರ್ಡು ತುಂಬುತ್ತ ಹೋದದ್ದನ್ನು ನಾನು ಬೇರೆ ಯಾರಿಗಿಂತ ಹತ್ತಿರದಿಂದ ನೋಡಿದೆ.

ಒಮ್ಮೆಲೇ ತುಂಬಿದ್ದಲ್ಲ. ಮೊದಲು ಕಂಡಿಕೆ ಸುತ್ತುವ ಮಷಿನ್ ಬಂತು. ಅಲ್ಲಿಯವರೆಗೆ ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆಗಳನ್ನು ನಾನೂ ನೆಗೆಣ್ಣಿಯೂ ರಾಟಿ ತಿರುಗಿಸಿ ಸುತ್ತುತ್ತಿದ್ದೆವು, ರಟ್ಟೆ ಬಿದ್ದುಹೋಗುತ್ತಿತ್ತು. ಮಷಿನ್ ಬಂದಾಗ ನಮಗೆ ಹಬ್ಬವಾಯಿತು. ಅದಕ್ಕೊಂದು ಫ್ಯೂಸು. ಆಮೇಲೆ ಫ್ಯಾನು, ಆಮೇಲೆ ನೀರೆತ್ತುವ ಸಣ್ಣ ಮೋಟಾರು. ಇನ್ನೆರಡು ಮಗ್ಗ ಬಂದವು. ನಮ್ಮ ಮನೆಯವರು ಮತ್ತು ಭಾವನವರು ಬೇರೆಯಾದರು.

ಬೇರೆಯಾದದ್ದು ದೊಡ್ಡ ಜಗಳದಿಂದ ಅಲ್ಲ. ಮಕ್ಕಳು ದೊಡ್ಡವರಾದರು, ಒಲೆ ಎರಡಾದವು, ಮಗ್ಗಗಳನ್ನು ಹಂಚಿಕೊಂಡರು. ಭಾವನವರು ಶೆಡ್ಡಿನ ಮುಂದಿನ ಅರ್ಧ, ನಾವು ಹಿಂದಿನ ಅರ್ಧ. ಆಮೇಲೆ ಭಾವನವರು ತಮ್ಮ ಪಾಲಿಗೆ ಇನ್ನೊಂದು ಮಗ್ಗ ಸೇರಿಸಿಕೊಂಡರು. ಅತ್ತೆ ಯಾರ ಪಾಲಿಗೂ ಹೋಗಲಿಲ್ಲ. ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಣ್ಣುತ್ತ ತಮ್ಮ ಕೋಣೆಯಲ್ಲೇ ಉಳಿದರು. ಮೀಟರ್ ಮಾತ್ರ ಮಾವನವರ ಹೆಸರಿನಲ್ಲೇ ಇತ್ತು, ಬೋರ್ಡೂ ಒಂದೇ ಇತ್ತು. ಅಣ್ಣತಮ್ಮಂದಿರಿಗೆ ಬೇಕಾದದ್ದು ಬೇರೆ ಬೇರೆ ಫ್ಯೂಸು, ಒಬ್ಬನದು ಸುಟ್ಟರೆ ಇನ್ನೊಬ್ಬನ ಮಗ್ಗ ನಿಲ್ಲಬಾರದೆಂದು. ಹಾಗೆ ಬೋರ್ಡಿನ ಮೇಲೆ ಮತ್ತಷ್ಟು ಪಿಂಗಾಣಿ ಬಂತು. ಅದರ ಮೇಲೆ ಜಾಗ ಮುಗಿದಾಗ ಕೆಳಗೆ ಒಂದು ಹಲಗೆ ತುಂಡು ಬಡಿದು ಅದರ ಮೇಲೆ ಕೂಡಿಸಿದರು. ಎಲ್ಲಕ್ಕೂ ತಂತಿ ಮಾತ್ರ ಅದೇ ಮೇನ್ ಸ್ವಿಚ್ಚಿನಿಂದ. ಒಂದರ ಕಾಲಿಗೆ ಇನ್ನೊಂದನ್ನು ಕಟ್ಟಿದ ಹಾಗೆ ತಂತಿಗೆ ತಂತಿ ಸುತ್ತಿ ಕೊಡುತ್ತ ಹೋಗಿದ್ದರು. ನನಗೆ ಝಾಡಿಸಲು ಬಟ್ಟೆ ತೂರಿಸುವಷ್ಟೂ ಸಂದಿ ಉಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ಕರೆಂಟ್ ಹೋಗುವುದು ಬರುವುದು ಬಹಳ. ಹೋದಾಗ ಎಲ್ಲರೂ ಬೀದಿ ಕಟ್ಟೆಗೆ ಬಂದು ಕೂಡುತ್ತಿದ್ದರು. ಬಂತು ಅಂದಕೂಡಲೇ ಓಡಿಹೋಗಿ ಎಲ್ಲ ಮಗ್ಗ ಒಟ್ಟಿಗೇ ಚಾಲೂ ಮಾಡುತ್ತಿದ್ದರು. ಕಳೆದ ಹೊತ್ತನ್ನು ಹಿಡಿಯುವ ಅವಸರ. ಆಗ ಫ್ಯೂಸು ಪಟ್ ಎಂದು ಹೋಗುತ್ತಿತ್ತು. ಮತ್ತೆ ಮತ್ತೆ ತಂತಿ ಕಟ್ಟಿ ಬೇಸತ್ತು ನಮ್ಮ ಮನೆಯವರು ಒಂದೆಳೆಯ ಬದಲು ಮೂರೆಳೆ ಹೊಸೆದು ಹಾಕತೊಡಗಿದರು. ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಫ್ಯೂಸು ಹೋಗುವುದು ನಿಂತಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು, ನನಗೂ.

ಅದೇ ವರ್ಷದ ಚಳಿಗಾಲದಲ್ಲಿ ಅತ್ತೆಗೆ ಬೆನ್ನುನೋವು ಕಡಿಮೆಯಾಯಿತು.

ಅವರಿಗೆ ಸೊಂಟದಿಂದ ಮೇಲೆ ಬೆನ್ನು ಹಿಡಿದುಕೊಳ್ಳುವ ಬೇನೆ ಬಹಳ ವರ್ಷದ್ದು. ಎಣ್ಣೆ ತಿಕ್ಕಿಸಿಕೊಳ್ಳುವುದು, ಬಿಸಿನೀರು ಹೊಯ್ಯಿಸಿಕೊಳ್ಳುವುದು ನಡೆದೇ ಇತ್ತು. ಆ ವರ್ಷ ಮಧ್ಯಾಹ್ನದ ಊಟ ಮುಗಿಸಿ ಹಲಗೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂಡತೊಡಗಿದರು. ಮೊರದಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತ ಸಂಜೆಯವರೆಗೂ ಅಲ್ಲೇ. ಯಾರು ಬಂದರೂ ಹೇಳುವರು, ಈ ಗೋಡೆ ಬೆಚ್ಚಗಿರುತ್ತದೆ, ಬೆನ್ನಿಗೆ ಶಾಖ ಕೊಟ್ಟ ಹಾಗೆ ಆಗುತ್ತದೆ ಎಂದು. ಚಿಮ್ಮಡದಿಂದ ಅವರ ತಂಗಿ ಬಂದಾಗ ಅವರನ್ನೂ ಪಕ್ಕ ಕೂಡಿಸಿಕೊಂಡರು. ಇಬ್ಬರೂ ಬೆನ್ನು ಕೊಟ್ಟು ಕೂತು ಮಾತಾಡುವುದನ್ನು ನೋಡಿ ನಾವು ನಕ್ಕಿದ್ದೆವು. ನಾನು ಬಿಸಿಲಿಗೆ ಕಾದ ಹಲಗೆ ಎಂದುಕೊಂಡಿದ್ದೆ. ಆ ಕೋಣೆಗೆ ಬಿಸಿಲೇ ಬೀಳುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಸೂಟಿಯ ದಿನ. ಮಗ್ಗ ನಿಂತು ಮನೆಯೆಲ್ಲ ಸುಮ್ಮನಿತ್ತು. ನಾನು ಜೋಳ ಹಸನ ಮಾಡುತ್ತ ಕೂತಿದ್ದೆ. ಅತ್ತೆ ಹಲಗೆಗೆ ಬೆನ್ನು ಆನಿಸಿದವರು ತಿರುಗಿ ಕೈಯಿಟ್ಟು ನೋಡಿ, "ಇವತ್ತ ಗ್ವಾಡಿ ತಣ್ಣಗ ಐತಿ ನೋಡವಾ" ಎಂದರು.

ಚಳಿ ಹೆಚ್ಚಿರಬೇಕು ಎಂದೆ ನಾನು. ಅವರು ತಲೆಯಲ್ಲಾಡಿಸಿದರು. "ಹೋದ ಸೂಟಿಗೂ ಹಿಂಗ ಇತ್ತ. ಮೊನ್ನಿ ಕರೆಂಟ್ ಹೋದಾಗೂ ಜರಾ ಹೊತ್ತಿಗೆ ತಣ್ಣಗಾತು. ಮಗ್ಗ ಶುರು ಆದ್ವಂದ್ರ ಬೆಚ್ಚಗಾಕ್ಕೈತಿ. ನನಗೇನ ಗೊತ್ತಾಗಂಗಿಲ್ಲೇನ?"

ಅವರಿಗೆ ಅದರಲ್ಲಿ ಹೆದರುವಂಥದ್ದು ಏನೂ ಕಂಡಿರಲಿಲ್ಲ. ಮಗ್ಗ ನಡೆದರೆ ಮೋಟಾರು ಕಾಯುತ್ತದೆ, ಮೋಟಾರಿನ ಬಿಸಿ ಗೋಡೆಗೆ ಬರುತ್ತದೆ ಎಂದು ಅವರ ತಿಳುವಳಿಕೆ. ಆದರೆ ಹಲಗೆಯ ಹತ್ತಿರ ಯಾವ ಮೋಟಾರೂ ಇರಲಿಲ್ಲ. ಆ ಜಾಗದ ಬೆನ್ನಿಗೆ ಏನಿದೆ ಎಂಬುದು ವಾರವಾರವೂ ಅದನ್ನು ಒರೆಸುವ ನನಗೆ ಗೊತ್ತಿತ್ತು. ಜೋಳದ ಮೊರ ಹಾಗೇ ಬಿಟ್ಟು ಶೆಡ್ಡಿಗೆ ಹೋಗಿ ನೋಡಿದೆ. ಬೋರ್ಡು ತಣ್ಣಗೆ ಎಂದಿನ ಹಾಗೇ ಇತ್ತು. ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಮರುದಿನ ಮಗ್ಗಗಳು ಜೋರಾಗಿ ನಡೆಯುವ ಹೊತ್ತು ನೋಡಿ ಅತ್ತೆಯ ಕೋಣೆಗೆ ಹೋದೆ. ಅವರನ್ನು ಸ್ವಲ್ಪ ಸರಿಯಲು ಹೇಳಿ ಅಂಗೈ ಇಟ್ಟೆ. ಆಗ ತಾನೇ ರೊಟ್ಟಿ ಇಳಿಸಿ ಮುಚ್ಚಿಟ್ಟ ಬುಟ್ಟಿಯ ಹೊರಗಿನ ಬಿಸಿಯಂತೆ ಇತ್ತು. ಮೇಲಕ್ಕೆ, ಮೇನ್ ಸ್ವಿಚ್ಚು ಬರುವ ಜಾಗಕ್ಕೆ ಕೈ ಸರಿಸಿದೆ. ಅಲ್ಲಿ ಕೈ ಇಡಲಾಗಲಿಲ್ಲ.

ನಮ್ಮ ಮನೆಯವರನ್ನು ಕರೆದೆ. ಮಗ್ಗ ಬಿಟ್ಟು ಬರುವುದಕ್ಕೆ ಅವರಿಗೆ ಸಿಟ್ಟು. ಹಲಗೆ ಅಂದ ಮೇಲೆ ಬೆಚ್ಚಗಿರುವುದೇ ಎಂದರು. ನಾನು ವಾದಿಸಲಿಲ್ಲ. ಕೈ ಇಟ್ಟು ನೋಡಿ ಎಂದಷ್ಟೇ ಹೇಳಿದೆ. ಅವರು ಕೈಯಿಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ನೇರ ಶೆಡ್ಡಿಗೆ ಹೋಗಿ ಮೇನ್ ಇಳಿಸಿದರು. ಇಡೀ ಶೆಡ್ಡು ನಿಂತಿತು. ಮುಂದಿನ ಅರ್ಧದಿಂದ ಭಾವನವರು ಯಾಕೆ ಏನಾಯಿತು ಎನ್ನುತ್ತ ಬಂದರು.

ರಬಕವಿಯಿಂದ ವೈರಮನ್ ಬಂದ. ನಡುವಯಸ್ಸಿನವ, ಲೈಸೆನ್ಸ್ ಇದ್ದವ, ನಮ್ಮ ಓಣಿಯ ಅರ್ಧ ಮನೆಗಳ ವೈರಿಂಗ್ ಅವನದೇ. ಮೇನ್ ಸ್ವಿಚ್ಚಿನ ಮುಚ್ಚಳ ತೆಗೆದ. ಒಳಗೆ ತಂತಿಯ ಮೇಲಿನ ಕೆಂಪು ರಬ್ಬರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬೋರ್ಡಿನ ನಾಲ್ಕು ಸ್ಕ್ರೂ ತೆಗೆದು ಹಗೂರಕ್ಕೆ ಮುಂದೆ ಬಾಗಿಸಿದ. ಹಿಂದಿನ ಸಾಗವಾನಿ ಹಲಗೆಯ ಮೇಲೆ ಹೋಳಿಗೆಯಷ್ಟು ಅಗಲದ ಕರಿ ಕಲೆ. ಹಲಗೆಗೂ ಬೋರ್ಡಿಗೂ ನಡುವೆ ವರ್ಷಾನುಗಟ್ಟಲೆಯ ನೂಲಿನ ಜುಂಗು ಹಾಸಿಗೆಯ ಹತ್ತಿಯಂತೆ ತುಂಬಿಕೊಂಡಿತ್ತು. ಕಲೆಯ ಹತ್ತಿರದ ಜುಂಗು ಕೆಂಪಗೆ ಹುರಿದಂತಾಗಿತ್ತು. ನಾನು ಮುಂದುಗಡೆ ಮಾತ್ರ ಝಾಡಿಸುತ್ತಿದ್ದೆ. ಹಿಂದೆ ಜಾಗವಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ವೈರಮನ್ ಆ ಜುಂಗನ್ನು ಒಂದು ಚಿಟಿಕೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಅಣ್ಣತಮ್ಮಂದಿರಿಬ್ಬರಿಗೂ ತೋರಿಸಿದ. ಬಯ್ಯಲಿಲ್ಲ. ಇದರಲ್ಲಿ ಎರಡು ಫ್ಯೂಸು ನಾನೇ ಹಾಕಿದ್ದು ಎಂದು ತಾನಾಗಿ ಹೇಳಿದ. ಇನ್ನುಳಿದವನ್ನು ಬೇರೆ ಯಾರೋ ಹಾಕಿದ್ದರು, ಅವರ ಹೆಸರು ಕೇಳುವ ಗೋಜಿಗೆ ಅವನು ಹೋಗಲಿಲ್ಲ.

ಭಾವನವರು ಕೇಳಿದ್ದು ಒಂದೇ. ಹಾಗಾದರೆ ಈ ಬೋರ್ಡಿನ ಮೇಲೆ ಎಷ್ಟು ಫ್ಯೂಸು ಇರಬಹುದು, ಅಷ್ಟು ಹೇಳು, ಉಳಿದದ್ದು ತೆಗೆಯೋಣ. ಅವರ ಲೆಕ್ಕದಲ್ಲಿ ಅದು ಸರಳ ಪ್ರಶ್ನೆ. ಸಂತೆಚೀಲದಲ್ಲಿ ಎಷ್ಟು ಸೇರು ಹಿಡಿಯುತ್ತದೆ ಎಂದು ಕೇಳಿದ ಹಾಗೆ.

"ಸಾವ್ಕಾರ್ರ, ಎಷ್ಟ ಕೂಡ್ತಾವು ಅನ್ನೂದು ಹಲಗಿ ಉದ್ದ ನೋಡಿ ಹೇಳಬಹುದು" ಎಂದ ವೈರಮನ್. "ಎಷ್ಟ ನಡೀತಾವು ಅನ್ನೂದು ಹಂಗಲ್ರಿ. ಇವೆಲ್ಲಾ ಒಂದ ತಂತಿಲೆ ಕುಡೀತಾವು. ಆ ತಂತಿ ನಿಮ್ಮ ಅಪ್ಪಾರು ನಾಕ ಮಗ್ಗಕ್ಕಂತ ಎಳಸಿದ್ದು."

ಬಿಡಿಸಿ ಹೇಳಿದ. ಮೀಟರಿನಿಂದ ಬರುವ ತಂತಿ ಇಷ್ಟು, ಮೇನ್ ಸ್ವಿಚ್ಚು ತಡೆಯುವುದು ಇಷ್ಟು. ಅದರ ಮೇಲೆ ಹೊಸ ಫ್ಯೂಸು ಕೂಡಿಸಿದರೆ ಹೊಸ ಕರೆಂಟ್ ಬರುವುದಿಲ್ಲ, ಇದ್ದ ತಂತಿಯೇ ಹೆಚ್ಚು ಹೊರಬೇಕು. ಹೊರಲಾರದೆ ಕಾಯುತ್ತದೆ. ಕಾದಾಗ ತಾನು ಸುಟ್ಟು ಮನೆ ಉಳಿಸಬೇಕಾದದ್ದು ಫ್ಯೂಸಿನ ಸಣ್ಣ ತಂತಿ. ಅದನ್ನೇ ಗಟ್ಟಿ ಮಾಡಿ ಇಟ್ಟರೆ ಸುಡುವುದಕ್ಕೆ ಹಲಗೆಯೇ ಗತಿ. ಇದನ್ನು ಹೇಳುವಾಗ ಅವನು ಮೂರೆಳೆಯ ತಂತಿ ಹಾಕಿದ್ದ ಫ್ಯೂಸನ್ನು ಕಿತ್ತು ಕಟ್ಟೆಯ ಮೇಲಿಟ್ಟಿದ್ದ. ನಮ್ಮ ಮನೆಯವರು ಅದನ್ನೇ ನೋಡುತ್ತಿದ್ದರು.

ಮಾಡಬೇಕಾದದ್ದು ಎರಡೇ. ಒಂದು, ಬೇರೆ ಮೀಟರ್, ಬೇರೆ ಬೋರ್ಡು, ದಪ್ಪ ತಂತಿ. ಅದಕ್ಕೆ ಕರೆಂಟ್ ಆಫೀಸಿಗೆ ಅರ್ಜಿ ಹಾಕಿ ಕಾಯಬೇಕು. ಎರಡು, ಅಲ್ಲಿಯವರೆಗೆ ಅರ್ಧ ಮಗ್ಗ ನಿಲ್ಲಿಸಬೇಕು.

ಯಾರ ಅರ್ಧ ಎಂಬಲ್ಲಿಗೆ ಮಾತು ನಿಂತಿತು.

ಭಾವನವರು ಆಗಷ್ಟೇ ಇಚಲಕರಂಜಿಯಿಂದ ಎರಡು ಮಗ್ಗ ತರಿಸಿದ್ದರು. ಅವು ಇನ್ನೂ ಕೂಡಿಸದೆ ಶೆಡ್ಡಿನ ಮುಂದೆ ತಾಡಪತ್ರಿ ಹೊದ್ದು ನಿಂತಿದ್ದವು. ಅವಕ್ಕೆ ಫ್ಯೂಸೂ ತಂದಿಟ್ಟಿದ್ದರು. ನನ್ನವು ಯಾಕೆ ನಿಲ್ಲಬೇಕು, ದಪ್ಪ ತಂತಿ ಹೊಸೆದು ಹಾಕಿದವನು ಅವನು ಎಂದರು. ನಮ್ಮ ಮನೆಯವರು, ಹೆಚ್ಚು ಮಗ್ಗ ನಿನ್ನವು, ಹೆಚ್ಚು ಎಳೆಯುವವನು ನೀನು ಎಂದರು. ಇಬ್ಬರ ಮಾತೂ ಸುಳ್ಳಲ್ಲ. ಅದೇ ತೊಂದರೆ. ವೈರಮನ್ ಸಾಮಾನು ಕಟ್ಟಿಕೊಂಡು, ನೀವು ಗೊತ್ತು ಮಾಡಿಕೊಂಡು ಹೇಳಿಕಳಿಸಿ, ಅಲ್ಲಿತನಕ ಮೇನ್ ಏರಿಸಬೇಡಿ ಎಂದು ಹೇಳಿ ಸೈಕಲ್ ಹತ್ತಿ ಹೋದ.

ನಾನು ಭಾವನವರ ಜೊತೆ ಎದುರಿಗೆ ನಿಂತು ಮಾತಾಡುವ ವಾಡಿಕೆ ಇರಲಿಲ್ಲ. ನೆಗೆಣ್ಣಿಯ ಮುಂದೆ ಹೇಳಿದೆ, ಸುಟ್ಟರೆ ಇಬ್ಬರದೂ ಸುಡುತ್ತದೆ ಎಂದು. ಅವಳಿಗೂ ಗೊತ್ತಿತ್ತು. ಅವಳು ಒಳಗೆ ಹೇಳಿದಳೋ ಇಲ್ಲವೋ ತಿಳಿಯದು. ಮರುದಿನ ಬೆಳಿಗ್ಗೆ ಭಾವನವರು, ತಾವು ತಮ್ಮ ಪಾಲಿನ ಮಗ್ಗಗಳನ್ನಷ್ಟೇ ಚಾಲೂ ಮಾಡುವುದಾಗಿ ಹೇಳಿ ಶೆಡ್ಡಿಗೆ ಹೊರಟರು. ಅದನ್ನು ಕೇಳಿ ನಮ್ಮ ಮನೆಯವರೂ ಎದ್ದರು. ಅಣ್ಣ ಮಾಡಿದರೆ ನಾನೂ ಮಾಡುತ್ತೇನೆ ಎಂಬ ಹಟ. ಇಬ್ಬರೂ ಎಲ್ಲವನ್ನೂ ಚಾಲೂ ಮಾಡಿದರೆ ಮತ್ತೆ ನಿನ್ನೆಯದೇ ಕತೆ.

ನಾನು ಹಿಂದಿನ ದಿನವೇ ಅತ್ತೆಯ ಹಾಸಿಗೆಯನ್ನು ಪಡಸಾಲೆಗೆ ತಂದು ಹಾಸಿದ್ದೆ. ಮಕ್ಕಳು ಶೆಡ್ಡಿಗೆ ಹೊರಟದ್ದನ್ನು ಕಂಡು ಅವರು ಎದ್ದು, ಗೋಡೆ ಹಿಡಿದುಕೊಂಡು ನಿಧಾನ ನಡೆದು ತಮ್ಮ ಕೋಣೆಗೆ ಹೋದರು. ಬರಿಯ ನೆಲದ ಮೇಲೆ, ಕರಿ ಕಲೆ ಇದ್ದ ಜಾಗಕ್ಕೆ ಸರಿಯಾಗಿ ಹಲಗೆಗೆ ಬೆನ್ನು ಕೊಟ್ಟು ಕೂತರು. ನಾನು ಬೇಡ ಏಳಿ ಎಂದೆ. ಕೇಳಲಿಲ್ಲ. ಇಬ್ಬರನ್ನೂ ಕರಿ ಎಂದರು.

ಅಣ್ಣತಮ್ಮಂದಿರಿಬ್ಬರೂ ಬಾಗಿಲಲ್ಲಿ ಬಂದು ನಿಂತರು. ಅತ್ತೆ ಅವರ ಮುಖ ನೋಡದೆ, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು: "ನೀವಿಬ್ರೂ ಒಂದ ಮಾತಿಗಿ ಬರೂತನಕ ನಾ ಇಲ್ಲಿಂದ ಏಳಂಗಿಲ್ಲ. ಮಗ್ಗ ಚಾಲೂ ಮಾಡೂದಿದ್ರ ಮಾಡ್ರಿ. ನನಗ ಬೆನ್ನಿಗಿ ಛಲೋ ಆಕ್ಕೈತಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ಹೇಳುವ ಮಾತನ್ನೇ ಹೇಳಿದ ಹಾಗಿತ್ತು. ನಮ್ಮ ಮನೆಯವರು ಅವ್ವಾ ಏಳು ಎಂದು ಬಗ್ಗಿದರು. ಅವರು ಕೈ ಸರಿಸಿದರು. ಭಾವನವರು ಶೆಡ್ಡಿಗೆ ಹೋದರು. ಮೇನಿನ ಹಿಡಿಕೆಯ ಸಪ್ಪಳ ಬರುತ್ತದೆಯೇ ಎಂದು ನಾನು ಹಲಗೆಗೆ ಕಿವಿಗೊಟ್ಟೆ. ಬರಲಿಲ್ಲ. ಹಲಗೆಯ ಆಚೆ ಅವರು ಬೋರ್ಡಿನ ಮುಂದೆ ನಿಂತಿದ್ದಾರೆ ಎಂಬುದು ಸಂದಿಯ ನೆರಳಿನಿಂದ ಗೊತ್ತಾಗುತ್ತಿತ್ತು. ಅತ್ತೆಗೂ ಗೊತ್ತಾಗಿರಬೇಕು. ಅವರು ಮೊರ ತರಿಸಿಕೊಂಡು ಶೇಂಗಾ ಸುಲಿಯತೊಡಗಿದರು.

ಸ್ವಲ್ಪ ಹೊತ್ತಿಗೆ ಭಾವನವರು ತಿರುಗಿ ಬಂದರು. ತಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರ ಭುಜದ ಹಿಂದೆ ಕೈ ಹಾಕಿ ಹಲಗೆ ಮುಟ್ಟಿ ನೋಡಿದರು. ಅದುವರೆಗೆ ಅವರು ಈಚೆಯಿಂದ ಮುಟ್ಟಿಯೇ ಇರಲಿಲ್ಲ. ಕರೆಂಟ್ ಇಲ್ಲದ್ದರಿಂದ ಅದು ತಣ್ಣಗಿತ್ತು. ಆದರೂ ಕೈ ಅಲ್ಲೇ ಇಟ್ಟುಕೊಂಡು ಕೂತರು. ಆಮೇಲೆ ತಮ್ಮನ ಕಡೆ ನೋಡಿ, "ಮುಂಜಾನಿ ನಾ ಓಡಸ್ತೇನಿ, ಮಧ್ಯಾಹ್ನದಿಂದ ನೀ ಓಡಸು. ಮೀಟರ್ ಬರೂತನಕ" ಎಂದರು. ನಮ್ಮ ಮನೆಯವರು ಆತು ಎಂದರು. ಅತ್ತೆ ಸುಲಿದ ಶೇಂಗಾವನ್ನು ಇಬ್ಬರ ಅಂಗೈಗೂ ಹಾಕಿ, ನನ್ನ ಕೈ ಹಿಡಿದು ಎದ್ದರು.

ವೈರಮನ್ ಮತ್ತೆ ಬಂದು ಹಿಂದಿನ ಜುಂಗನ್ನೆಲ್ಲ ತೆಗೆದ. ಹಲಗೆ ತುಂಡಿನ ಮೇಲಿನ ಹೆಚ್ಚುವರಿ ಫ್ಯೂಸುಗಳನ್ನು ಕಿತ್ತ. ಸುಟ್ಟ ತಂತಿ ಬದಲಿಸಿ, ಒಂದು ಸರತಿಯ ಮಗ್ಗಗಳಿಗೆ ಸಾಕಾಗುವಷ್ಟು ಸರಿಮಾಡಿ ಕೊಟ್ಟ. ಮಗ್ಗಗಳನ್ನು ಒಂದೊಂದಾಗಿ ಚಾಲೂ ಮಾಡಬೇಕು, ಒಂದು ಹದಕ್ಕೆ ಬಂದ ಮೇಲೆ ಇನ್ನೊಂದು ಎಂದು ತಾಕೀತು ಮಾಡಿದ.

ಮೀಟರಿನ ಅರ್ಜಿ ಬೇಗ ಸರಿಯಲಿಲ್ಲ. ಜಮಖಂಡಿಗೆ ಹೋಗಿಬರುವುದು, ಸಾಹೇಬರಿಲ್ಲ ಎಂದು ತಿರುಗಿ ಬರುವುದು ಬೇಸಿಗೆ ಮುಗಿಯುವತನಕ ನಡೆಯಿತು. ಆ ತಿಂಗಳುಗಳು ನನಗೆ ಚೆನ್ನಾಗಿ ನೆನಪಿವೆ. ದಿನದ ನಡುವೆ ಸರತಿ ಬದಲಾಗುವಾಗ ಭಾವನವರು ತಮ್ಮ ಮಗ್ಗ ನಿಲ್ಲಿಸಿ, ಬಾಗಿಲಿಗೆ ಬಂದು ನನ್ನದು ಆತು ಎಂದು ಹೇಳಿ ಹೋಗಬೇಕಿತ್ತು. ಮೊದಮೊದಲು ಅಷ್ಟನ್ನೇ ಹೇಳಿ ಹೋಗುತ್ತಿದ್ದರು. ಆಮೇಲೆ ನೂಲಿನ ಧಾರಣೆ, ಹುರಿ ಕಡಿಯುವ ಕಾಟ, ಯಾವ ಬಣ್ಣದ ದಡಿಯ ಸೀರೆಗೆ ಗಿರಾಕಿ ಎಂದು ಒಂದೆರಡು ಮಾತು. ಕರೆಂಟ್ ಹೋಗಿ ಸರತಿ ಕೆಟ್ಟ ದಿನ, ನೀನು ಇನ್ನೊಂದು ಹೊತ್ತು ಓಡಿಸಿಕೋ ಎಂದು ಬಿಟ್ಟುಕೊಟ್ಟದ್ದೂ ಉಂಟು. ಗಳಿಕೆ ಇಬ್ಬರದೂ ಅರ್ಧಕ್ಕೆ ಇಳಿದಿತ್ತು. ತಾಡಪತ್ರಿಯ ಕೆಳಗಿನ ಎರಡು ಮಗ್ಗಗಳಿಗೆ ತುಕ್ಕು ಹಿಡಿಯಬಾರದೆಂದು ಅಣ್ಣತಮ್ಮಂದಿರಿಬ್ಬರೂ ಸೇರಿ ಎಣ್ಣೆ ಹಚ್ಚಿದರು. ನಾನೂ ನೆಗೆಣ್ಣಿಯೂ ಕಂಡಿಕೆಯ ಕೆಲಸ ಕಡಿಮೆಯಾದ್ದರಿಂದ ಶಾವಿಗೆ, ಸಂಡಿಗೆ ಎರಡೂ ಮನೆಗೆ ಒಟ್ಟಿಗೆ ಹಾಕಿದೆವು.

ಕೊನೆಗೆ ಮೀಟರ್ ಬಂತು. ಬೀದಿ ಕಡೆಯ ಕಲ್ಲಿನ ಗೋಡೆಗೆ, ನೆಲದಿಂದ ಎದೆಯೆತ್ತರಕ್ಕೆ, ಎರಡು ಕಬ್ಬಿಣದ ಪೆಟ್ಟಿಗೆಗಳು ಕೂತವು. ಒಂದು ಅವರದು, ಒಂದು ನಮ್ಮದು. ಅವುಗಳಲ್ಲಿ ಪಿಂಗಾಣಿ ಇರಲಿಲ್ಲ. ಆಗಷ್ಟೇ ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ಎಂಸಿಬಿಗಳು, ಕರಿ ನಾಲಗೆಯ ಸಣ್ಣ ಸ್ವಿಚ್ಚುಗಳ ಹಾಗೆ ಒಂದರ ಪಕ್ಕ ಒಂದು. ಹೊರೆ ಹೆಚ್ಚಾದರೆ ನಾಲಗೆ ತಾನೇ ಕೆಳಗೆ ಬೀಳುತ್ತದೆ, ಕಟ್ಟಲಿಕ್ಕೆ ತಂತಿಯೇ ಇಲ್ಲ. ನಮ್ಮ ಮನೆಯವರು ಮೊದಲ ವಾರ ಅದನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು ನೋಡಿದರು. ಹಿಡಿದರೂ ಒಳಗೊಳಗೇ ಬೀಳುವುದು ಬಿದ್ದೇಬಿಡುತ್ತದೆ ಎಂದು ತಿಳಿದ ಮೇಲೆ ಬಿಟ್ಟರು.

ಭಾವನವರ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಖಾಲಿ ಜಾಗಗಳಿದ್ದವು. ಅವರು ಅಲ್ಲಿ ಬೆರಳಿಟ್ಟು, ಹಾಗಾದರೆ ಇನ್ನೂ ನಾಲ್ಕು ಕೂಡುತ್ತವೆ ಎಂದರು. ವೈರಮನ್ ನಕ್ಕ. ಆ ಜಾಗಗಳಿಗೆ ಮುಚ್ಚಳ ಕೂಡಿಸುತ್ತ, ಕೂಡುತ್ತವೆ ಸಾವ್ಕಾರ್ರ, ಹಾಕುವ ಮೊದಲು ನನಗೆ ಹೇಳಿಕಳಿಸಿ, ಬುಡದ ತಂತಿಯನ್ನು ಕೇಳಿ ಹೇಳುತ್ತೇನೆ ಎಂದ. ಇಚಲಕರಂಜಿಯ ಎರಡು ಮಗ್ಗಗಳಿಗೆ ಆಗಲೇ ಅವನು ಜಾಗವನ್ನೂ ತಂತಿಯನ್ನೂ ಲೆಕ್ಕ ಹಿಡಿದಿದ್ದ. ಉಳಿದ ನಾಲ್ಕು ಹಾಗೇ ಉಳಿದವು.

ಅತ್ತೆಗೆ ಮಾತ್ರ ಈ ಏರ್ಪಾಡು ಅಷ್ಟಾಗಿ ಹಿಡಿಸಲಿಲ್ಲ. ಮುಂದಿನ ಚಳಿಗಾಲಕ್ಕೆ ಬೆನ್ನು ಮತ್ತೆ ಹಿಡಿದುಕೊಂಡಿತು. ನೆಗೆಣ್ಣಿ ಜಮಖಂಡಿಯಿಂದ ಬಿಸಿನೀರು ತುಂಬುವ ರಬ್ಬರಿನ ಚೀಲ ತರಿಸಿಕೊಟ್ಟಳು. ಅದು ಬೇಗ ಆರಿಹೋಗುತ್ತದೆ, ಗೋಡೆಯಷ್ಟು ಹೊತ್ತು ತಡೆಯುವುದಿಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಕೇಳಿದವರಿಗೆ ಯಾವ ಗೋಡೆ ಎಂದು ಅರ್ಥವಾಗುತ್ತಿರಲಿಲ್ಲ. ನಾವು ಬಿಡಿಸಿ ಹೇಳಬೇಕಾಗುತ್ತಿತ್ತು.

ಎರಡು ಮೀಟರ್ ಆದ ಮೇಲೆ ಯಾರೂ ಯಾರಿಗೂ ಹೇಳಿ ಮಗ್ಗ ಚಾಲೂ ಮಾಡುವ ಅಗತ್ಯ ಉಳಿಯಲಿಲ್ಲ. ಹೊಸ ಪೆಟ್ಟಿಗೆ ಚಾಲೂ ಆದ ಮೊದಲ ದಿನ ಎರಡೂ ಪಾಲಿನ ಮಗ್ಗಗಳು ಬೆಳಗಿನಿಂದಲೇ ಓಡುತ್ತಿದ್ದವು. ಮಧ್ಯಾಹ್ನ ಸರತಿ ಬದಲಾಗುವ ಹೊತ್ತಿಗೆ ಭಾವನವರು ರೂಢಿಯಂತೆ ನಮ್ಮ ಬಾಗಿಲಿಗೆ ಬಂದು ನಿಂತರು. ಹೇಳುವುದು ಏನೂ ಇಲ್ಲ ಎಂದು ಅವರಿಗೆ ಅಲ್ಲಿಗೆ ಬಂದ ಮೇಲೆ ನೆನಪಾದಂತೆ ಕಂಡಿತು. ನಮ್ಮ ಮನೆಯವರು ಮಗ್ಗದ ಹತ್ತಿರದಿಂದ ತಲೆಯೆತ್ತಿ ನೋಡಿ, ಕೈಯೊರೆಸಿಕೊಳ್ಳುತ್ತ ಬಂದು ಕಟ್ಟೆಯ ಮೇಲೆ ಅವರಿಗೆ ಜಾಗ ಮಾಡಿದರು. ನಾನು ಚಹಾಕ್ಕೆ ನೀರಿಟ್ಟೆ.